ಕಣದಲ್ಲೊಂದು ಮೇಷ್ಟರ ಪಾಲು

ಪುಷ್ಯಮಾಸದ ಚಳಿ ಇನ್ನೂ ಬಿಡದಿರುವ ದಿನಗಳಲ್ಲಿ, ಸಾವನದುರ್ಗದ ಕರಿಗುಡ್ಡದ ಮೇಲೆ ಎಳೆಬಿಸಿಲು ಬಿದ್ದು ಬಂಡೆಯ ಮೈಮೇಲಣ ಹಳೆಯ ನೀರಿನ ಗೆರೆಗಳು ಒಂದೊಂದಾಗಿ ಕಾಣಿಸಿಕೊಳ್ಳುವ ಹೊತ್ತಿಗೆ, ನಮ್ಮ ಊರಿನ ಕಣಗಳಲ್ಲಿ ರಾಗಿಯ ರಾಶಿ ಎದ್ದಿರುತ್ತಿದ್ದಿತು. ಸಗಣಿ ಸಾರಿಸಿದ ನೆಲ, ನಡುವೆ ಮೇಟಿ, ಅದರ ಸುತ್ತ ಗುಂಡು ಉರುಳಿದ ಗುರುತು, ರಾಶಿಯ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ. ಮನೆಯ ಯಜಮಾನನು ಮೊದಲ ಕೊಳಗವನ್ನು ತುಂಬಿ ದೇವರ ಹೆಸರಿನಲ್ಲಿ ಬದಿಗಿಟ್ಟ ಮೇಲೆ, ತನ್ನ ಮನೆಯ ಮೂಟೆಗೆ ಕೈಹಾಕುವುದಕ್ಕೆ ಮುಂಚೆಯೇ, ಕುಕ್ಕೆ ಹಿಡಿದು ಕಾದಿದ್ದ ಅಗಸ, ಕ್ಷೌರಿಕ, ಕಮ್ಮಾರ, ತೋಟಿ, ನೀರುಗಂಟಿ ಇವರಿಗೆಲ್ಲ ಅವರವರ ಪಾಲನ್ನು ಅಳೆದು ಹಾಕುವನು. ಅವರೆಲ್ಲರೂ ಹೊರಟುಹೋದ ಬಳಿಕ ಒಂದು ಮೊರದ ರಾಗಿ ಬೇರೆಯಾಗಿಯೇ ಉಳಿದಿರುತ್ತಿದ್ದಿತು. ಅದನ್ನು ಕೇಳಿಕೊಂಡು ಯಾರೂ ಬಂದಿರುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ಅದನ್ನು ಕುಕ್ಕೆಗೆ ಸುರಿದು ನನ್ನ ತಲೆಯ ಮೇಲೆ ಹೊರಿಸಿ, "ಮೇಷ್ಟ್ರ ಮನೆಗೆ ಹಾಕಿ ಬಾ ಮಗ. ಜಗಲಿ ಮ್ಯಾಲೆ ಇಟ್ಟು ಅಮ್ಮಾರನ್ನ ಕೂಗು. ಮೇಷ್ಟ್ರ ಕೈಗೆ ಮಾತ್ರ ಕೊಡಬ್ಯಾಡ" ಎನ್ನುವರು.

ಕೈಗೆ ಕೊಡಬಾರದೆಂಬ ಆ ಎಚ್ಚರಿಕೆಯ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮೇಷ್ಟರು ಸರ್ಕಾರದಿಂದ ಸಂಬಳ ಪಡೆಯುವ ನೌಕರರು. ಕಣದ ಪಾಲಿಗೆ ಕೈಯೊಡ್ಡುವುದು ಕಾನೂನಿಗೆ ಒಪ್ಪದು. ಊರಾದರೋ, ಕಾನೂನು ಹುಟ್ಟುವುದಕ್ಕೆ ಮೊದಲಿನಿಂದ ಇದ್ದ ಒಂದು ಋಣವನ್ನು ಸಂಬಳದ ನೆಪದಿಂದ ತೀರಿತೆಂದು ಎಣಿಸಲು ಸಿದ್ಧವಿರಲಿಲ್ಲ. ಎರಡಕ್ಕೂ ಭಂಗಬಾರದ ಹಾಗೆ ಜಗಲಿಯೆಂಬುದೊಂದು ಮಧ್ಯಸ್ಥಾನವನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ನಾನು ಕಂಡದ್ದು 1950ರ ದಶಕದ ಕೊನೆಯ ವರ್ಷಗಳನ್ನು, ಎಂದರೆ ಒಂದು ಹಳೆಯ ಪದ್ಧತಿಯ ಸೆರಗಿನ ತುದಿಯನ್ನು ಮಾತ್ರ.

ಆ ಪದ್ಧತಿಯ ಬುಡ ಎಲ್ಲಿಯವರೆಗೆ ಹೋಗುತ್ತದೆಂಬುದಕ್ಕೆ ಒಂದು ಸಾಕ್ಷಿಯುಂಟು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟವನ್ನು ಹೊರತಂದ ತನ್ನ ಮೈಸೂರು ಇತಿಹಾಸದಲ್ಲಿ, ಗ್ರಾಮವೊಂದನ್ನು ನಡೆಸಿ ಕಣದಲ್ಲಿ ಆಯವೆಂಬ ಪಾಲನ್ನು ಪಡೆಯುವ ಹನ್ನೆರಡು ಮಂದಿ ಆಯಗಾರರನ್ನು ಎಣಿಸುತ್ತ, ಕೆಲವು ಕಡೆಗಳಲ್ಲಿ ಅಕ್ಕಸಾಲಿಗನ ಸ್ಥಾನದಲ್ಲಿ ಕವಿಯೊಬ್ಬನಿರುತ್ತಾನೆಂದೂ ಅವನೇ ಊರಿನ ಉಪಾಧ್ಯಾಯನೆಂದೂ ಹೇಳಿದ್ದಾನೆ. ಗೌಡ, ಶಾನುಭೋಗ, ತಳವಾರ, ಕಮ್ಮಾರ, ಬಡಗಿ, ಕುಂಬಾರ ಇವರಾರನ್ನೂ ಬಿಟ್ಟು ಬೇಸಾಯದ ಊರು ನಡೆಯಲಾರದು. ಚಿನ್ನಬೆಳ್ಳಿ ಇಲ್ಲದ ಬಡ ಊರಿನಲ್ಲಿ ಅಕ್ಕಸಾಲಿಗನಿಗೆ ಕೆಲಸವಿಲ್ಲ. ಆದುದರಿಂದ ತೆರವಾದ ಆ ಒಂದು ಪಾಲಿಗೆ ಅಕ್ಷರ ಬಲ್ಲವನನ್ನು ತಂದು ಕೂರಿಸಿದರು. ಇದನ್ನು ವಿದ್ಯೆಗೆ ಸಂದ ಮರ್ಯಾದೆಯೆಂದು ತಿಳಿಯಬಹುದು, ಅಕ್ಕಸಾಲಿಗನಿಲ್ಲದ ಊರಿನ ಬಡತನವೆಂದೂ ತಿಳಿಯಬಹುದು. ನಾನು ಎರಡನ್ನೂ ಸೇರಿಸಿ ತಿಳಿಯುತ್ತೇನೆ. ಅಕ್ಷರಕ್ಕೂ ರಾಗಿಗೂ ಒಂದೇ ಕೊಳಗದ ಅಳತೆ ಇದ್ದಿತೆಂಬುದು ಈ ಲೇಖನಕ್ಕೆ ಬೇಕಾದಷ್ಟು ಮಾತು.

ನಮ್ಮ ಸೀಮೆಯ ಚರಿತ್ರೆಯನ್ನು ಬರೆದವರ ಕಣ್ಣು ಸಹಜವಾಗಿಯೇ ಬೆಟ್ಟದ ಮೇಲೆ ನೆಟ್ಟಿತು. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ, ಕರಿಗುಡ್ಡ ಬಿಳಿಗುಡ್ಡಗಳೆಂಬ ಎರಡು ನೆತ್ತಿಗಳನ್ನು ಹೊತ್ತು ನಿಂತಿರುವ ಏಕಶಿಲೆಯನ್ನು ನೋಡಿದವರು ಅದರ ಬುಡದ ಜಗಲಿಗಳನ್ನು ನೋಡದೆ ಹೋದರೆ ತಪ್ಪೆನ್ನಲಾಗದು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ದಂಡಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಮೇಲೆ ಕೆಂಪೇಗೌಡರ ಮನೆತನ ಮಾಗಡಿಯನ್ನು ರಾಜಧಾನಿಯಾಗಿಯೂ ಸಾವನದುರ್ಗವನ್ನು ಅದರ ಬೆನ್ನಿನ ಕೋಟೆಯಾಗಿಯೂ ಮಾಡಿಕೊಂಡು ಆಳಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಎರಡನ್ನೂ ಗೆದ್ದುಕೊಂಡನು. 1791ರ ಡಿಸೆಂಬರ್ 21ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಪಹರೆಯಿಂದ ದುರ್ಗವನ್ನು ಕಿತ್ತುಕೊಂಡಿತು. ಕೋಟೆಯ ಗೋಡೆಯೊಡೆದ ದಿನಕ್ಕೂ ತೋಪುಗಳನ್ನು ಕಾಡಿನೊಳಗೆ ಎಳೆದುತಂದ ಬಗೆಗೂ ದಾಖಲೆಯುಂಟು. ಆ ಡಿಸೆಂಬರು ರಾಗಿಯ ಕುಯ್ಲಿನ ಕಾಲವೆಂಬುದನ್ನು, ಬೆಟ್ಟದ ಸುತ್ತಲಿನ ಹಳ್ಳಿಗಳ ಕಣಗಳಲ್ಲಿ ಆ ವರ್ಷ ಯಾರ ಪಾಲನ್ನು ಯಾರು ಅಳೆದರೆಂಬುದನ್ನು ಬರೆದಿಡುವ ದಂಡನಾಯಕನು ಎಲ್ಲಿಯೂ ಹುಟ್ಟುವುದಿಲ್ಲ.

ಕಣದ ಪಾಲಿನ ಆ ಉಪಾಧ್ಯಾಯನ ಶಾಲೆಯನ್ನು ಮಠವೆಂದೂ ಕೂಲಿಮಠವೆಂದೂ ನಮ್ಮವರು ಕರೆಯುತ್ತಿದ್ದರು; ಅದು ಈಗಿನವರು ತಿಳಿದಿರುವ ಮಠವಲ್ಲ. ದೇವಸ್ಥಾನದ ಮೊಗಸಾಲೆಯೋ, ಗೌಡರ ಮನೆಯ ತಲೆಬಾಗಿಲ ಜಗಲಿಯೋ, ಅದೂ ಇಲ್ಲವಾದರೆ ಆಲದ ಮರದ ಕಟ್ಟೆಯೋ ಅದರ ಕಟ್ಟಡ. ಒಬ್ಬ ಅಯ್ಯನವರು ಅದರ ಸಿಬ್ಬಂದಿ. ತಿಂಗಳಿಗಿಷ್ಟೆಂದು ಮಕ್ಕಳ ತಂದೆತಾಯಿಗಳು ಕೊಡುವ ಕೂಲಿ ಕಾಸಿಗಿಂತ ಹೆಚ್ಚಾಗಿ ಅಕ್ಕಿ, ಬೇಳೆ, ಎಣ್ಣೆ, ಸೌದೆ ಇವುಗಳ ರೂಪದಲ್ಲಿ ಬರುತ್ತಿದ್ದಿತು. ಅಕ್ಷರಾಭ್ಯಾಸ ಮರಳಿನಲ್ಲಿ. ಹುಡುಗನ ಬೆರಳನ್ನು ಅಯ್ಯನವರು ಹಿಡಿದು ನೆಲದ ಮೇಲೆ ಹರಡಿದ ಮರಳಿನಲ್ಲಿ ತಿದ್ದಿಸಿ, ಬೆರಳಿನ ತುದಿಯ ಚರ್ಮ ಸವೆದು ಉರಿಯತೊಡಗಿದ ಮೇಲೆ ಹಲಗೆಗೂ ಬಳಪಕ್ಕೂ ಬಡ್ತಿ ಕೊಡುತ್ತಿದ್ದರು. ಅದಕ್ಕೂ ಮೇಲಿನದು ಕಡತ. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಬೀಸಣಿಗೆಯಂತೆ ಮಡಿಸಿದ ಈ ಪುಸ್ತಕದಲ್ಲಿ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಶಾನುಭೋಗನ ಲೆಕ್ಕವೂ ವರ್ತಕನ ಬಾಕಿಯೂ ಇದೇ ಕಡತದಲ್ಲಿ ಇರುತ್ತಿದ್ದುದರಿಂದ ಹುಡುಗನು ಕಡತಕ್ಕೆ ಬಂದನೆಂದರೆ ಪ್ರಾಪ್ತವಯಸ್ಕರ ಪ್ರಪಂಚದ ಹೊಸ್ತಿಲನ್ನು ಮೆಟ್ಟಿದನೆಂದೇ ಅರ್ಥ. ಕಾಗುಣಿತವಾದ ಮೇಲೆ ಮಗ್ಗಿ. ಮಗ್ಗಿಯೆಂದರೆ ಇಪ್ಪತ್ತಕ್ಕೆ ನಿಲ್ಲುವ ಈಗಿನ ಮಗ್ಗಿಯಲ್ಲ, ಕಾಲು, ಅರೆ, ಮುಕ್ಕಾಲು, ವೀಸಗಳ ಮಗ್ಗಿ. ಅದಾದ ಮೇಲೆ ಅಮರ, ಸೋಮೇಶ್ವರಶತಕ, ಜೈಮಿನಿಭಾರತದ ಕೆಲವು ಸಂಧಿ, ಕಾಗದ ಪತ್ರ ಬರೆಯುವ ಕ್ರಮ. ಇಷ್ಟರಲ್ಲಿ ಹುಡುಗನಿಗೆ ಮೀಸೆ ಮೂಡಿರುತ್ತಿದ್ದಿತು.

ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಮದರಾಸಿನ ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ ತನ್ನ ಜಿಲ್ಲೆಯ ಇಂತಹ 533 ಮಠಗಳನ್ನೂ ಅವುಗಳಲ್ಲಿ ಓದುತ್ತಿದ್ದ 6,641 ಮಕ್ಕಳನ್ನೂ ಲೆಕ್ಕಹಾಕಿದ್ದಾನೆ. ಆ ವರದಿಯಲ್ಲಿ ನನ್ನ ಮನಸ್ಸನ್ನು ಹಿಡಿದುದು ಅಂಕಿಗಳಲ್ಲ. ಬೆಳಗ್ಗೆ ಮಠಕ್ಕೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಒಂದು ಸೊನ್ನೆ, ಅವನು ಮೆಚ್ಚಿಗೆಗೂ ಇಲ್ಲ, ಶಿಕ್ಷೆಗೂ ಇಲ್ಲ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಸಾಲಿನಲ್ಲಿ ಏರುತ್ತ ಹೋಗುವುದು. ಕೊನೆಗೆ ಬಂದ ಹುಡುಗನ ಗತಿಯನ್ನು ಊಹಿಸಿಕೊಳ್ಳಬಹುದು. ಇದೇ ಸಂಪ್ರದಾಯವನ್ನು ನಮ್ಮ ಅಜ್ಜ ತನ್ನ ಮಠದ ಕಥೆಯಾಗಿ ಹೇಳುತ್ತಿದ್ದುದನ್ನು ನಾನು ಕೇಳಿದ್ದೆನಾಗಿ, ಬಳ್ಳಾರಿಯ ಕಾಗದವನ್ನು ಓದುವಾಗ ಯಾರದೋ ಮನೆಯಲ್ಲಿ ನಮ್ಮ ಮನೆಯ ಚೊಂಬನ್ನು ಕಂಡಂತಾಯಿತು.

ಈ ಮಠಗಳ ಕ್ರೌರ್ಯವನ್ನು ಮುಚ್ಚಿಡಬೇಕಾಗಿಲ್ಲ. ಕೋದಂಡವೆಂಬುದು ರಾಮನ ಬಿಲ್ಲೆಂದು ಈಗಿನ ಮಕ್ಕಳು ತಿಳಿದಿದ್ದಾರೆ; ಮಠದಲ್ಲಿ ಅದು ತೊಲೆಗೆ ಕಟ್ಟಿದ ಹಗ್ಗ, ತಪ್ಪುಮಾಡಿದ ಹುಡುಗನು ಅದನ್ನು ಹಿಡಿದು ಜೋಲಬೇಕು, ಕಾಲು ನೆಲಕ್ಕೆ ತಾಕಿದರೆ ಬೆತ್ತ. ಮರೆಯಬಾರದ ಮಾತು ಇನ್ನೊಂದುಂಟು. ಹೆಣ್ಣುಮಕ್ಕಳಿಗೆ ಆ ಜಗಲಿಯಲ್ಲಿ ಸ್ಥಳ ಸಿಕ್ಕುತ್ತಿದ್ದುದು ಅಪರೂಪ, ಹೊಲಗೇರಿಯ ಮಕ್ಕಳಿಗೆ ಜಗಲಿಯ ಕೆಳಗಿನ ಮಣ್ಣಿನಲ್ಲಿಯೂ ಇರಲಿಲ್ಲ. ಅವರ ತಂದೆಯರು ಬೆಳೆದುಕೊಟ್ಟ ರಾಗಿ ಮಾತ್ರ ಅಯ್ಯನವರ ಮನೆಯವರೆಗೆ ಹೋಗಬಲ್ಲುದಾಗಿದ್ದಿತು.

ಮಠಕ್ಕೆ ವರ್ಷಕ್ಕೊಮ್ಮೆ ಬರುತ್ತಿದ್ದ ಹಬ್ಬವೆಂದರೆ ಮಹಾನವಮಿ. ಹುಡುಗರು ಇದ್ದುದರಲ್ಲಿ ಒಳ್ಳೆಯ ಬಟ್ಟೆಯುಟ್ಟು, ಬಣ್ಣದ ಕೋಲುಗಳನ್ನು ಹಿಡಿದು, ಅಯ್ಯನವರನ್ನು ಮುಂದಿಟ್ಟುಕೊಂಡು ಮನೆಮನೆಯ ಮುಂದೆ ನಿಂತು ಚೌಪದಿಗಳನ್ನು ಹಾಡುವರು. ಮನೆಯವರು ಹಣವೋ ಧಾನ್ಯವೋ ಬಟ್ಟೆಯೋ ಕೈಲಾದುದನ್ನು ಕೊಡುವರು. ವರ್ಷದ ಉಳಿದ ದಿನಗಳಲ್ಲಿ ಮಕ್ಕಳಿಗೆ ಯಮನಾಗಿದ್ದವರು ಆ ಒಂಬತ್ತು ದಿನ ಅವರ ಹಾಡಿನ ಬಲದಿಂದ ಬದುಕುವರು. ಹುಡುಗರಿಗೂ ಅದು ಗೊತ್ತು, ಅಯ್ಯನವರಿಗೂ ಗೊತ್ತು. ನಮ್ಮ ಅಜ್ಜ ತೊಂಬತ್ತರ ಹತ್ತಿರ ಹತ್ತಿರ ಬಂದಾಗ ಮಗ್ಗಿಯನ್ನು ಮರೆತರೂ ಚೌಪದಿಯನ್ನು ಮರೆತಿರಲಿಲ್ಲ.

ಸರ್ಕಾರ ಈ ಜಗಲಿಗಳ ಕಡೆಗೆ ತಿರುಗಿ ನೋಡಿದುದು 1868ರಲ್ಲಿ. ಮೈಸೂರು ಸೀಮೆಯ ವಿದ್ಯಾ ಇಲಾಖೆ 1857ರಲ್ಲಿಯೇ ಹುಟ್ಟಿದ್ದರೂ ಅದರ ದೃಷ್ಟಿ ದೊಡ್ಡ ಊರುಗಳನ್ನು ದಾಟಿರಲಿಲ್ಲ. ಬಿ. ಎಲ್. ರೈಸ್ ಇಲಾಖೆಯ ಮುಖ್ಯಸ್ಥರಾದಾಗ ಹೋಬಳಿಗೊಂದು ಶಾಲೆಯೆಂಬ ಯೋಜನೆ ಬಂದಿತು. ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ಬಲ್ಲವರಾಗಿದ್ದ ಈ ರೈಸ್ ಸಾಹೇಬರು ಶಾಲೆಗಳ ತನಿಖೆಗೆಂದು ಕುದುರೆಯೇರಿ ಹಳ್ಳಿ ಹಳ್ಳಿ ಸುತ್ತುವಾಗ ಕೆರೆಯೇರಿಯ ಮೇಲೆ, ಗುಡಿಯ ಮುಂದೆ ನಿಂತ ಕಲ್ಲುಗಳನ್ನು ಓದಿಸಿಕೊಂಡು ಹೋದವರು ಕೊನೆಗೆ ನಾಡಿನ ಶಾಸನಗಳನ್ನೆಲ್ಲ ಸಂಪುಟ ಸಂಪುಟವಾಗಿ ಅಚ್ಚುಹಾಕಿಸಿದರು. ಮಾಗಡಿ ಸೀಮೆಯ ಶಾಸನಗಳು 1905ರ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿವೆ. ಮಗ್ಗಿ ಒಪ್ಪಿಸುವ ಹುಡುಗನನ್ನು ನೋಡಲು ಹೋದವರಿಗೆ ಕೆಂಪೇಗೌಡರ ದಾನಶಾಸನ ಸಿಕ್ಕಿತೆಂಬುದು ನಮ್ಮ ವಿದ್ಯಾ ಇಲಾಖೆಯ ಪುಣ್ಯಗಳಲ್ಲೊಂದು. ಹೋಬಳಿ ಶಾಲೆಯ ಸೊಗಸೆಂದರೆ ಅದು ಅಯ್ಯನವರನ್ನು ಓಡಿಸಲಿಲ್ಲ. ಒಪ್ಪುವವರನ್ನು ನಾರ್ಮಲ್ ಸ್ಕೂಲಿಗೆ ಕರೆಸಿಕೊಂಡು, ತರಬೇತು ಕೊಟ್ಟು, ಅವರ ಊರಿಗೇ ಮೇಷ್ಟರನ್ನಾಗಿ ಹಿಂದಿರುಗಿಸಿತು. ಮರಳು ಹೋಗಿ ಸ್ಲೇಟು ಬಂದಿತು, ಕಡತ ಹೋಗಿ ಹಾಜರಿ ಪುಸ್ತಕ ಬಂದಿತು, ಸಂಬಳ ಬಂದಿತು. ಕಣದ ಪಾಲು ಮಾತ್ರ ಹೋಗಲಿಲ್ಲ.

ಆಮೇಲಿನ ಕಾಯಿದೆಗಳನ್ನು ನಾನು ಬೇಗ ಬೇಗ ದಾಟುತ್ತೇನೆ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಮಾಡಿದ ರೆಗ್ಯುಲೇಷನ್ ಬಂದಿತು. 1930ರ ಕಾಯಿದೆ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಮಂಡಲಿಗಳ ಕೈಗೆ ಒಪ್ಪಿಸಿತು; 1941ರಲ್ಲಿ ಸರ್ಕಾರ ಅವುಗಳನ್ನು ಮರಳಿ ತೆಗೆದುಕೊಂಡಿತು. ಒಡೆಯರು ಬದಲಾದಾಗಲೆಲ್ಲ ಮೇಷ್ಟರ ಸಂಬಳ ತಡವಾಗುತ್ತಿದ್ದುದೊಂದೇ ಊರಿನವರು ಕಂಡ ವ್ಯತ್ಯಾಸ. ಆ ಕಾಲದ ಮೇಷ್ಟರ ಬಾಳನ್ನೂ ಇನ್‌ಸ್ಪೆಕ್ಟರರ ಸರ್ಕೀಟಿನ ಸಂಭ್ರಮವನ್ನೂ ತಿಳಿಯಬೇಕೆನ್ನುವವರಿಗೆ ಎಂ. ಆರ್. ಶ್ರೀನಿವಾಸಮೂರ್ತಿಗಳ 'ರಂಗಣ್ಣನ ಕನಸಿನ ದಿನಗಳು' ಇದೆ. ವಿದ್ಯಾ ಇಲಾಖೆಯಲ್ಲಿಯೇ ದುಡಿದವರು ಬರೆದ ಪುಸ್ತಕವಾದುದರಿಂದ ಅದರ ನಗೆಯಲ್ಲಿ ದಾಖಲೆಯ ತೂಕವುಂಟು.

ಕೂಲಿಮಠದ ಕಾಲ, ಸರ್ಕಾರಿ ಶಾಲೆಯ ಕಾಲ ಈ ಎರಡರ ನಡುವಿನ ಹೊಲಿಗೆಯ ಮೇಲೆಯೇ ಬಾಳು ತೊಡಗಿದ ಒಬ್ಬ ಹುಡುಗನು ನಮ್ಮ ತಾಲ್ಲೂಕಿನವನು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡ ಗಂಗಮ್ಮ ದಂಪತಿಗಳಿಗೆ ಏಪ್ರಿಲ್ 1ರಂದು ಹುಟ್ಟಿದ ಶಿವಣ್ಣ. ವರ್ಷವನ್ನು 1907 ಎಂದು ಬರೆದವರೂ ಉಂಟು, 1908 ಎಂದು ಬರೆದವರೂ ಉಂಟು. ಊರಿನ ಕೂಲಿಮಠದಲ್ಲಿ ಅಕ್ಷರ ಕಲಿತು, ಪಾಲನಹಳ್ಳಿಯಲ್ಲಿ ಮುಂದುವರಿದು, ತುಮಕೂರಿನ ಕಡೆಯ ನಾಗವಲ್ಲಿಗೆ ಹೋಗಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ 1930ರಲ್ಲಿ ಸಿದ್ಧಗಂಗೆಯ ವಿರಕ್ತಾಶ್ರಮಕ್ಕೆ ಸಂದು, ಉದ್ಧಾನ ಶಿವಯೋಗಿಗಳ ಬಳಿಕ 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳ ಹೆಸರು ಅರಿಯದ ಕನ್ನಡಿಗರಿಲ್ಲ. ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಜೊತೆಗೂಡಿಸಿ ಕೊಟ್ಟ ಆ ಮಠದ ಮೊದಲ ಕಷ್ಟದ ದಿನಗಳಲ್ಲಿ ಸ್ವಾಮಿಗಳು ಎತ್ತಿನ ಗಾಡಿಯಲ್ಲಿ ಊರೂರು ತಿರುಗಿ ಧಾನ್ಯವನ್ನು ಬೇಡಿ ತರುತ್ತಿದ್ದುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಮಠದ ಹೊಲಗದ್ದೆಗಳ ಬೇಸಾಯವನ್ನು ತಾವೇ ನಿಂತು ನೋಡಿಕೊಳ್ಳುವರು; ದನಗಳ ಜಾತ್ರೆಯೂ ನೆರೆಯುವ ಶಿವರಾತ್ರಿಯ ಜಾತ್ರೆಗೆ ಕೃಷಿಯ ವಸ್ತುಪ್ರದರ್ಶನವನ್ನು ಕೂಡಿಸಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಪತ್ರಿಕೆಗಳು ಅವರನ್ನು ನಡೆದಾಡುವ ದೇವರೆಂದವು. ನನಗೆ ಮಾತ್ರ ಅವರು ವೀರಾಪುರದ ಜಗಲಿಯಲ್ಲಿ ಕಂಡ ಪದ್ಧತಿಯೊಂದನ್ನು ಬಿಡದೆ ಹಿಡಿದ ಮೇಷ್ಟರಂತೆಯೇ ಕಾಣುತ್ತಾರೆ: ಕಣದಿಂದ ಪಾಲನ್ನು ತಂದು, ಕಣದವರ ಮಕ್ಕಳಿಗೇ ಬಡಿಸುವುದು. ಭೇದವೇನೆಂದರೆ, ಹಳೆಯ ಜಗಲಿಯ ಕೆಳಗೂ ಸ್ಥಳವಿಲ್ಲದಿದ್ದ ಮಕ್ಕಳಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಿದ್ದರು.

ಇನ್ನು ನಮ್ಮ ಮೇಷ್ಟರು. ಅವರ ಹೆಸರನ್ನು ಬರೆಯುವುದಿಲ್ಲ. ಊರಿನಲ್ಲಿಯೂ ಅವರನ್ನು ಯಾರೂ ಹೆಸರುಹಿಡಿದು ಕರೆದುದನ್ನು ನಾನು ಕೇಳಲಿಲ್ಲ. ಅವರು ಬೆಟ್ಟದ ಪೂರ್ವಕ್ಕೆ, ಅರ್ಕಾವತಿಯ ಕಡೆಗೆ ಇಳಿಯುವ ಇಳಿಜಾರಿನ ಒಂದು ಹಳ್ಳಿಯವರು. ಅಯ್ಯನವರ ಬೆತ್ತದ ಕೆಳಗೆ ಕಾಗುಣಿತ ಕಲಿತು, ಲೋಯರ್ ಸೆಕೆಂಡರಿ ಪಾಸುಮಾಡಿ, ಬೇರೆ ಬೇರೆ ಊರುಗಳಲ್ಲಿ ಕೆಲಸಮಾಡಿ, ಕೊನೆಗೆ ನಮ್ಮ ಏಕೋಪಾಧ್ಯಾಯ ಶಾಲೆಗೆ ಬಂದವರು ಅಲ್ಲಿಯೇ ಬೇರುಬಿಟ್ಟರು. ಎರಡೆಕರೆ ಖುಷ್ಕಿಯನ್ನು ಕೊಂಡು, ತೀರಿಹೋದ ತಮ್ಮನ ಹೆಂಡತಿ ಮಕ್ಕಳನ್ನು ಕರೆತಂದು ತಮ್ಮ ಮಕ್ಕಳೊಡನೆ ಸಾಕಿದರು. ಬೆಳಗಿನ ಜಾವ ಹೊಲಕ್ಕೆ ಹೋಗಿ, ಹತ್ತು ಗಂಟೆಯ ಹೊತ್ತಿಗೆ ಶಾಲೆಯ ಮುಂದಿನ ತೊಟ್ಟಿಯಲ್ಲಿ ಕಾಲು ತೊಳೆದು, ಗೂಟದ ಮೇಲಿನ ಕರಿಯ ಕೋಟನ್ನು ತೊಟ್ಟರೆ ಮೇಷ್ಟರಾಗುವರು. ಸಂಜೆ ಕೋಟನ್ನು ಕಳಚಿ ಗೂಟಕ್ಕೆ ಹಾಕಿದರೆ ಮತ್ತೆ ಒಕ್ಕಲು. ಕಾಲು ತೊಳೆದರೂ ಹಿಮ್ಮಡಿಯ ಬಿರುಕುಗಳಲ್ಲಿ ಕೆಮ್ಮಣ್ಣು ಉಳಿದೇ ಇರುತ್ತಿದ್ದಿತು. ಕರಿಹಲಗೆಯ ಮೇಲೆ ಬರೆಯುವಾಗ ಅವರು ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದುದರಿಂದ ನಾವು ನಾಲ್ಕು ವರ್ಷ ನೋಡಿದುದು ಹೆಚ್ಚಾಗಿ ಆ ಹಿಮ್ಮಡಿಗಳನ್ನೇ.

ಬೇಸಾಯಗಾರನಾದುದರಿಂದ ಅವರಿಗೆ ನಮ್ಮ ಗೈರುಹಾಜರಿ ಅರ್ಥವಾಗುತ್ತಿದ್ದಿತು. ಅವರೆಕಾಯಿಯ ಕಾಲದಲ್ಲಿ, ಎಂದರೆ ಸೊಗಡಿನ ವಾಸನೆ ಮಾಗಡಿಯ ಸಂತೆಯಿಂದ ಬೆಂಗಳೂರಿನವರೆಗೆ ಗಾಡಿಯೇರಿ ಹೋಗುವ ತಿಂಗಳುಗಳಲ್ಲಿ, ಮಕ್ಕಳು ಕಾಯಿ ಬಿಡಿಸಲು ಹೋಗುತ್ತಾರೆಂದು ಶಾಲೆಯನ್ನು ಮಧ್ಯಾಹ್ನಕ್ಕೆ ತಿರುಗಿಸಿಕೊಳ್ಳುವರು. ರೇಷ್ಮೆಯ ಮನೆಗಳ ಮಕ್ಕಳ ಲೆಕ್ಕವೇ ಬೇರೆ. ಹುಳುಗಳು ನಾಲ್ಕನೆಯ ಜ್ವರವನ್ನು ಕಳೆದು ಎದ್ದವೆಂದರೆ ಅವುಗಳ ಹಸಿವಿಗೆ ಹಗಲು ರಾತ್ರಿಯಿಲ್ಲ. ಸೊಪ್ಪು ಕೊಯ್ಯಲು, ತಟ್ಟೆ ಬಳಿಯಲು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಲು ಮನೆಯ ಪುಟ್ಟ ಕೈಗಳೆಲ್ಲ ಬೇಕು. "ನಿಮ್ಮನೆ ಹುಳ ಎಷ್ಟನೇ ಜ್ವರದಲ್ಲಿವೆಯೋ?" ಎಂದು ಮೇಷ್ಟರು ಹಾಜರಿ ಕೂಗುವಾಗಲೇ ಕೇಳಿಕೊಂಡು, ಮುಂದಿನ ವಾರ ಯಾರು ಬರುವುದಿಲ್ಲವೆಂಬುದನ್ನು ಸೀಸದ ಕಡ್ಡಿಯಿಂದ ಗುರುತುಮಾಡಿಕೊಂಡು, ಗೂಡು ಮಾರಿದ ಮೇಲೆ ಅಂತಹವರನ್ನು ದೀಪದ ಬೆಳಕಿನಲ್ಲಿ ತಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿ ಬಿಟ್ಟುಹೋದ ಪಾಠವನ್ನು ಹೇಳಿಕೊಡುವರು. ಅಮ್ಮನವರು ಆಗ ಕಡೆದ ಮಜ್ಜಿಗೆ ತಂದಿಡುತ್ತಿದ್ದರು. ಮಜ್ಜಿಗೆಯ ಆಸೆಗೆ ಹುಳುವಿಲ್ಲದ ಮನೆಯ ಹುಡುಗರೂ ಹೋಗುತ್ತಿದ್ದುದುಂಟು, ನಾನೂ ಹೋಗಿದ್ದೇನೆ.

ಅವರ ವಿದ್ಯೆಗೆ ಬಂದ ದೊಡ್ಡ ಪರೀಕ್ಷೆ 1957ರ ಏಪ್ರಿಲ್ 1. ಅಂದಿನಿಂದ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯೇ ಪೈಸೆ ಬಂದಿತು. ಅಯ್ಯನವರಿಂದ ಪೆಟ್ಟುತಿಂದು ಕಲಿತ ಕಾಲು, ಮುಕ್ಕಾಲು, ವೀಸಗಳ ಮಗ್ಗಿಯೆಲ್ಲ ಒಂದು ರಾತ್ರಿಯಲ್ಲಿ ಹಳತಾಯಿತು. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ ಸರಿಯೇ; ಆದರೆ ಒಂದಾಣೆಗೆ ಆರೂಕಾಲು, ಆ ಕಾಲು ಪೈಸೆಯ ನಾಣ್ಯವೇ ಇಲ್ಲ. ಸರ್ಕಾರದ ಪಟ್ಟಿಯ ಪ್ರಕಾರ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು. ಹಾಗಾದರೆ ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡವನಿಗೆ ಒಂದು ಪೈಸೆ ಉಳಿಯುವುದು, ಒಟ್ಟಿಗೆ ಕೊಂಡವನಿಗೆ ಉಳಿಯದು. ಈ ರಹಸ್ಯ ಊರಿಗೆ ತಿಳಿದ ದಿನ ಅಂಗಡಿಯ ಶೆಟ್ಟರಿಗೂ ಗಿರಾಕಿಗಳಿಗೂ ನಡೆದ ಜಗಳ ಮಾರಿಗುಡಿಯ ಕಟ್ಟೆಯವರೆಗೆ ಬಂದಿತು. ಮೇಷ್ಟರು ಶಾಲೆಯ ಕರಿಹಲಗೆಯನ್ನೇ ಹೊರಿಸಿಕೊಂಡು ಬಂದು, ಕಟ್ಟೆಗೆ ಒರಗಿಸಿ, ಪಟ್ಟಿಯನ್ನು ಬರೆದು, ಹುಣಿಸೆಬೀಜಗಳನ್ನು ರೂಪಾಯಿಗೆ ನೂರರಂತೆ ಎಣಿಸಿಟ್ಟು, ಕತ್ತಲಾಗುವವರೆಗೆ ಊರಿಗೆ ಪಾಠ ಹೇಳಿದರು. ಎಲ್ಲವನ್ನೂ ಕೇಳಿಕೊಂಡ ನಮ್ಮ ಅಜ್ಜ, "ಆ ಕಾಲು ಪೈಸೆ ಎಲ್ಲಿಗೋಯ್ತು ಮೇಷ್ಟ್ರೇ?" ಎಂದು ಕೇಳಿದುದಕ್ಕೆ ಮೇಷ್ಟರು ಬಹಳ ಹೊತ್ತು ಯೋಚಿಸಿ, "ಅದು ಡೆಲ್ಲಿಯವರ ಆಯ ಇರಬೇಕು ಯಜಮಾನ್ರೇ" ಎಂದರು.

ಶಾಲೆಯ ಹೊರಗಿನ ಇಂತಹ ಕೆಲಸಗಳಿಗೆ ಕೊನೆಯಿರಲಿಲ್ಲ. ಮನಿಯಾರ್ಡರಿನ ಫಾರಮು, ಕ್ರಯಪತ್ರದ ಓದು, ಅಣ್ಣತಮ್ಮಂದಿರ ಪಾಲುಪಾರೀಖತ್ತು, ಮಗಳ ಮನೆಯಿಂದ ಬಂದ ಕಾಗದ. ಕಾಗದವನ್ನು ಓದುವಾಗ ಕೆಟ್ಟ ಸುದ್ದಿಯಿದ್ದರೆ ಮೊದಲು ತಾವು ಮನಸ್ಸಿನಲ್ಲಿ ಓದಿಕೊಂಡು, ಬಂದವಳಿಗೆ ನೀರು ತಂದುಕೊಡಲು ಅಮ್ಮನವರಿಗೆ ಹೇಳಿ, ಆಮೇಲೆ ಬಾಯಿಬಿಡುವರು. ಆದುದರಿಂದ ಮೇಷ್ಟರು ನೀರು ತರಿಸಿದರೆಂದರೆ ಊರಿನ ಹೆಂಗಸರಿಗೆ ಎದೆ ಒಡೆಯುತ್ತಿದ್ದಿತು. 1940ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಾಕ್ಷರತೆಯ ಚಳವಳಿ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆದ ಮೇಲೆ ಹಳ್ಳಿಗಳಲ್ಲಿ ರಾತ್ರಿ ಶಾಲೆಗಳು ನಡೆದವಷ್ಟೆ. ಸಮಿತಿಯ 'ಬೆಳಕು' ವಾರಪತ್ರಿಕೆಯನ್ನು ಮೇಷ್ಟರು ಲಾಟೀನಿನ ಮುಂದೆ ಹಿಡಿದು, ದಪ್ಪಕ್ಷರಗಳ ಕೆಳಗೆ ಬಾರುಕೋಲಿನ ತುದಿಯನ್ನಿಟ್ಟು, ತಮಗಿಂತ ಹಿರಿಯರಿಂದ ಓದಿಸುತ್ತಿದ್ದರು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ದಿನವನ್ನು ದಯಪಾಲಿಸುತ್ತಿದ್ದವರೂ ಅವರೇ. "ದೊಡ್ಡ ಮಳೆ ಬಂದು ಕೆರೆ ಕೋಡಿ ಬಿದ್ದ ವರ್ಷ" ಎಂದು ತಾಯಿ ಹೇಳಿದರೆ, ಹಲ್ಲು ನೋಡಿ ಕರುವಿನ ವಯಸ್ಸು ಹೇಳುವ ಒಕ್ಕಲಿನ ಕಣ್ಣಿನಿಂದ ಹುಡುಗನನ್ನೊಮ್ಮೆ ನೋಡಿ ತಾರೀಖನ್ನು ಬರೆಯುವರು. ನನ್ನ ಪಿಂಚಣಿಯ ಕಾಗದಗಳಲ್ಲಿರುವ ಜನ್ಮದಿನ ಅವರು ಹೀಗೆ ಕೊಟ್ಟುದೇ.

ಒಂದು ವಿಷಯದಲ್ಲಿ ಮೇಷ್ಟರು ಊರಿಗೆ ಹೆದರಿದರು. ಹೊಲಗೇರಿಯ ಇಬ್ಬರು ಹುಡುಗರು ಶಾಲೆಗೆ ಸೇರಿದಾಗ, ಸರ್ಕಾರದ ಆಜ್ಞೆಯಿದ್ದಿತು, ಸಂವಿಧಾನ ಬಂದು ವರ್ಷಗಳಾಗಿದ್ದವು, ಮೇಷ್ಟರಿಗೇ ಮನಸ್ಸಿನಲ್ಲಿ ಸಂಕೋಚವಿದ್ದಂತೆ ನನಗೆ ಈಗಲೂ ತೋರುವುದಿಲ್ಲ. ಆದರೂ ಎರಡು ವರ್ಷ ಆ ಹುಡುಗರು ಬಾಗಿಲ ಹೊರಗಿನ ಜಗಲಿಯಲ್ಲಿಯೇ ಕುಳಿತರು. ಒಂದು ಆಷಾಢದಲ್ಲಿ ಕರಿಗುಡ್ಡದ ಕಡೆಯಿಂದ ಗಾಳಿಮಳೆ ನುಗ್ಗಿ ಜಗಲಿಯೆಲ್ಲ ನೀರಾದಾಗ, "ಒಳಕ್ಕೆ ಬನ್ರೋ" ಎಂದು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಳೆ ನಿಂತ ಮೇಲೆ ಹೊರಗೆ ಕಳುಹಿಸಲಿಲ್ಲ. ಮರುವರ್ಷದ ಸುಗ್ಗಿಯಲ್ಲಿ ಮೂರು ಮನೆಗಳಿಂದ ಮೇಷ್ಟರ ಪಾಲು ಬರಲಿಲ್ಲ. ಮಳೆಯ ನೆಪಕ್ಕೆ ಎರಡು ವರ್ಷ ಕಾದರಲ್ಲಾ ಎಂದು ನನಗೆ ಒಮ್ಮೊಮ್ಮೆ ಸಿಟ್ಟು ಬರುವುದು. ಕಣದಿಂದ ಉಣ್ಣುವವನ ನಾಲಗೆ ಕಣಕ್ಕೆ ಕಟ್ಟಿರುತ್ತದೆಂಬುದು ಈ ಪದ್ಧತಿಯ ಇನ್ನೊಂದು ಮುಖ, ಇದನ್ನು ಹೊಗಳುವ ನನ್ನಂಥವರು ಹೇಳದೆ ಬಿಡುವ ಮುಖ.

ಐವತ್ತೈದು ತುಂಬಿ ಅವರು ನಿವೃತ್ತರಾದಾಗ ಊರು ಒಂದು ಶಾಲನ್ನೂ ಬಾಳೆಯ ಗೊನೆಯನ್ನೂ ಕೊಟ್ಟಿತು. ಆ ಬಳಿಕ ಅವರು ಹೊಲದ ಅಂಚಿಗೆ ಮಾವಿನ ಸಸಿಗಳನ್ನು ನೆಟ್ಟರು. ಕೋಟು ಗೂಟದ ಮೇಲೆ ಉಳಿಯಿತು. ಅವರ ಜಾಗಕ್ಕೆ ಬಂದ ಹೊಸ ಮೇಷ್ಟರು ಚಿಕ್ಕ ವಯಸ್ಸಿನವರು, ಪಟ್ಟಣದಲ್ಲಿ ಓದಿದವರು, ಮಾಗಡಿಯಲ್ಲಿ ಬಾಡಿಗೆಯ ಮನೆ ಮಾಡಿಕೊಂಡು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಪಾಠ ಚೆನ್ನಾಗಿ ಹೇಳುತ್ತಿದ್ದರು, ಯಾರನ್ನೂ ಹೊಡೆಯುತ್ತಿರಲಿಲ್ಲ, ಎಲ್ಲ ಮಕ್ಕಳನ್ನೂ ಮೊದಲ ದಿನದಿಂದಲೇ ಒಳಗೆ ಕೂರಿಸಿದರು. ಆ ವರ್ಷದ ಸುಗ್ಗಿಯಲ್ಲಿ ನಮ್ಮ ದೊಡ್ಡಪ್ಪ ಎಂದಿನಂತೆ ಒಂದು ಮೊರದ ರಾಗಿಯನ್ನು ಬೇರೆಯಾಗಿಟ್ಟರು. ಹೊಸ ಮೇಷ್ಟರಿಗೆ ಊರಿನಲ್ಲಿ ಜಗಲಿಯಿರಲಿಲ್ಲವಾದುದರಿಂದ ಕುಕ್ಕೆಯನ್ನು ತಾವೇ ಹೊತ್ತು ಶಾಲೆಗೆ ಹೋದರು. ಹೊಸ ಮೇಷ್ಟರು ಎದ್ದುನಿಂತು, ವಿನಯದಿಂದ ಎಲ್ಲವನ್ನೂ ಕೇಳಿಕೊಂಡು, ಸ್ವಲ್ಪ ತಡೆದು, "ಇದಕ್ಕೆ ನಾನು ರಸೀತಿ ಕೊಡಬೇಕೆ?" ಎಂದು ಕೇಳಿದರು. ದೊಡ್ಡಪ್ಪ ಏನೂ ಹೇಳಲಿಲ್ಲ. ಕುಕ್ಕೆಯನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು, ಮನೆಯ ದಾರಿ ಬಿಟ್ಟು, ಹೊಲದ ಅಂಚಿನಲ್ಲಿ ಸಸಿಗಳಿಗೆ ನೀರು ಹೊಯ್ಯುತ್ತಿದ್ದ ಹಳೆಯ ಮೇಷ್ಟರ ಕಡೆಗೆ ನಡೆದರು.